ಗೇಮ್ ಮೆಷಿನ್‌ನ ಹಳೇ ಮಾನಿಟರ್ ಮನೆಗೆ ತಂದರೆ

ಸುರತ್ಕಲ್ ಕಡೆಯ ಗುಜರಿ ಅಂಗಡಿಯಲ್ಲಿ ಗೇಮ್ ಮೆಷಿನ್‌ನಿಂದ ಕಳಚಿದ ಮಾನಿಟರ್ ಸಿಕ್ಕಿತು. ಇಂಥದ್ದನ್ನು ಕಂಪ್ಯೂಟರ್‌ಗೆ ಸ್ಕ್ರೀನ್ ಆಗಿ ಬಳಸಬಹುದು. ನಿಮಗೂ ಸಿಕ್ಕರೆ ತಂದ ಕೂಡಲೇ ಪ್ಲಗ್ ಹಾಕಬೇಡಿ.

ಹಿಂದೆ ದಪ್ಪ ಹೊಟ್ಟೆ ಇರುವ ಪಿಕ್ಚರ್ ಟ್ಯೂಬ್ ಆದರೆ ಬಿಟ್ಟುಬಿಡಿ. ಒಳಗೆ ಸುಮಾರು 20,000 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಮೇಲಾಗಿ ಹಳೇ ಗೇಮ್ ಟ್ಯೂಬ್‌ಗಳು ಚಿತ್ರದ ಅಡ್ಡಗೆರೆ ಎಳೆಯುವ ವೇಗ ಹೆಚ್ಚಾಗಿ 15 ಕಿಲೋಹರ್ಟ್ಸ್, ಕಂಪ್ಯೂಟರ್‌ನ ವಿಜಿಎ (ಹಳೇ ಮಾನಿಟರ್ ಪೋರ್ಟ್) ಕೊಡುವುದು 31, ಹಾಗಾಗಿ ನೇರ ಜೋಡಿಸಿದರೆ ಚಿತ್ರ ನಿಲ್ಲುವುದಿಲ್ಲ.

ತೆಳ್ಳಗಿನ ಎಲ್‌ಸಿಡಿ ಆದರೆ ಕೆಲಸ ಸುಲಭ. ಹಿಂದಿನ ತಗಡು ಬಿಚ್ಚಿ, ಪ್ಯಾನೆಲ್ (ಪರದೆ) ಬೆನ್ನಿಗೆ ಅಂಟಿಸಿದ ಚೀಟಿಯ ಮಾಡೆಲ್ ನಂಬರ್ ಫೋಟೋ ತೆಗೆದುಕೊಳ್ಳಿ. ಎಲ್ಲ ನಿಂತಿರುವುದು ಇದರ ಮೇಲೆಯೇ. ಆ ನಂಬರ್ ಕೊಟ್ಟು, ಅದಕ್ಕೇ ಸೆಟ್ ಮಾಡಿದ ಎಚ್‌ಡಿಎಂಐ ಕಂಟ್ರೋಲರ್ ಬೋರ್ಡ್ (ಕಂಪ್ಯೂಟರ್‌ನ ಚಿತ್ರವನ್ನು ಪ್ಯಾನೆಲ್‌ಗೆ ಹೊಂದಿಸಿ ಕಳಿಸುವ ಬೋರ್ಡ್), ಜೊತೆಗೆ ಬೋರ್ಡನ್ನು ಪ್ಯಾನೆಲ್‌ಗೆ ಜೋಡಿಸುವ ಎಲ್‌ವಿಡಿಎಸ್ ಕೇಬಲ್ ಆನ್‌ಲೈನ್‌ನಲ್ಲಿ ತರಿಸಿ. ಬೋರ್ಡ್ ಮೇಲೆ 3.3, 5, 12 ವೋಲ್ಟ್ ಎಂದು ಬರೆದ ಕಡೆ, ಪ್ಯಾನೆಲ್‌ಗೆ ಹೋಗುವ ವೋಲ್ಟೇಜ್ ಆರಿಸುವ ಪುಟ್ಟ ಜಂಪರ್ (ಪಿನ್‌ಗೆ ಸಿಕ್ಕಿಸುವ ಕ್ಲಿಪ್) ಇರುತ್ತದೆ, ಅದನ್ನು ಪ್ಯಾನೆಲ್‌ನ ಡೇಟಾಶೀಟ್ (ಕಂಪನಿ ಕೊಡುವ ವಿವರಪತ್ರ) ನೋಡಿಯೇ ಇಡಬೇಕು, ಅಂದಾಜಿಗೆ ಇಟ್ಟರೆ ಪ್ಯಾನೆಲ್ ಸುಟ್ಟು ದುಡ್ಡು ನೀರುಪಾಲು. ಪವರ್‌ಗೆ ಬೋರ್ಡ್ ಕೇಳುವಷ್ಟು ಆಂಪಿಯರ್‌ನ 12 ವೋಲ್ಟ್ ಅಡಾಪ್ಟರ್ ಸಾಕು.

ನಮ್ಮ ಕಡೆ ಉಪ್ಪುಗಾಳಿ, ಮಳೆ ಎರಡೂ ಜಾಸ್ತಿ ಅಲ್ವಾ? ನನ್ನ ಕನೆಕ್ಟರ್‌ನ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಹಳೇ ಟೂತ್‌ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ, ಪೂರ್ತಿ ಒಣಗಿಸಿ ಆಮೇಲೆ ಜೋಡಿಸಿದೆ.

ಚಿತ್ರ ಚೆನ್ನಾಗಿ ಬಂತು. ಮೂಲೆಯಲ್ಲಿ ಮಾತ್ರ ಯಾರದೋ ಹಳೇ ಸ್ಕೋರ್‌ನ ನೆರಳು ಇನ್ನೂ ಮಸುಕಾಗಿ ಕಾಣುತ್ತದೆ. ಇರಲಿ ಬಿಡಿ.