ಲೈಟ್ ರಾತ್ರಿ ಹಚ್ರಿ, ಕಿಡಕಿ ಮಧ್ಯಾಹ್ನ ಮುಚ್ರಿ: ರೂಮಿನ್ಯಾಗ ತೊಪ್ಪಲ ಪಲ್ಯ ಬೆಳೆಯೋದು ಹೆಂಗ?

ಏಪ್ರಿಲ್ ಬಂತಂದ್ರ ಕಲಬುರಗಿಯೊಳಗ ಛತ್ತಿನ ಮ್ಯಾಲಿನ ಮೆಂತ್ಯಾ, ಕೊತಂಬರಿ ಎಲ್ಲಾ ಸುಟ್ಟು ಹೋಗ್ತಾವ, 42 ಡಿಗ್ರಿ ಬಿಸಲಿಗೆ ಎಳೀ ತೊಪ್ಪಲ ತಡೆಯಂಗಿಲ್ಲ. ಅದಕ್ಕ ಖಾಲಿ ಬಿದ್ದ ರೂಮಿನ್ಯಾಗ ರ‍್ಯಾಕ್ ಇಟ್ಟು ಬೆಳೀಲಿಕ್ಕ ಮನಸ್ಸು ಮಾಡೋದು ಛಲೋನೇ. ಆದ್ರ ಯೂಟ್ಯೂಬಿನ ವಿಡಿಯೋ ಭಾಳಷ್ಟು ಥಂಡಿ ದೇಶದವು, ರೂಮ್ ಬೆಚ್ಚಗ ಇಡೋದು ಹೆಂಗ ಅಂತ ಹೇಳ್ತಾವ. ನಮಗ ಬೇಕಾಗಿದ್ದು ಅದರ ಉಲ್ಟಾ.

ಮೊದ್ಲು ರೂಮ್ ಆರಿಸ್ರಿ. ಪಶ್ಚಿಮದ ಗ್ವಾಡಿ ಇರೋ ರೂಮ್ ಬ್ಯಾಡ, ಸಂಜಿ ಬಿಸಲು ಎಲ್ಲಾ ಅದಕ್ಕೇ ಬಡೀತದ. ಶಹಾಬಾದ್ ಕಲ್ಲಿನ ದಪ್ಪ ಗ್ವಾಡಿ ಇರೋ ಹಳೀ ಮನಿ ಇದ್ರ ನಿಮ್ಮ ಅರ್ಧ ಕೆಲಸ ಆದಂಗ, ಹಗಲು ಝಳ ಒಳಗ ಬರೋದ್ರಾಗ ಸಂಜಿ ಆಗಿರ್ತದ.

ಆಮ್ಯಾಲ ಲೈಟ್. ಗುಲಾಬಿ-ನೇರಳೆ ಬಣ್ಣದ ಲೈಟ್ ಬೇಕೇ ಬೇಕು ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ಬಿಳಿ ಎಲ್‌ಇಡಿಯೊಳಗ ಗಿಡಕ್ಕ ಬೇಕಾದ ಕೆಂಪು, ನೀಲಿ ಎರಡೂ ಇರ್ತಾವ, ಮ್ಯಾಲ ನೇರಳೆ ಬೆಳಕಿನ್ಯಾಗ ಎಲಿ ಹಳದಿ ಆಗಿದ್ದು, ಹುಳ ಹತ್ತಿದ್ದು ನಮ್ಮ ಕಣ್ಣಿಗೆ ಕಾಣಂಗೇ ಇಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ಯಾಟಿ ಕಡೆ ಯಾವ ಎಲೆಕ್ಟ್ರಿಕಲ್ ಅಂಗಡಿಯೊಳಗಾದ್ರೂ ಸಿಗೋ 4 ಫೂಟಿನ, 20 ವ್ಯಾಟಿನ, 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕಿನ) ಟ್ಯೂಬ್ ಸಾಕು. 4 ಫೂಟ್ ಉದ್ದ, 1 ಫೂಟ್ ಅಗಲದ ಒಂದು ಹಲಗಿಗೆ ಮೂರು ಟ್ಯೂಬ್ ಹಚ್ರಿ, ಬರೇ ಎಳೀ ಮೆಂತ್ಯಾ ಆದ್ರ ಎರಡು ನಡೀತಾವ. ಸರಪಳಿಗೆ ಜೋತುಬಿಟ್ಟು ತೊಪ್ಪಲದ ತುದಿಯಿಂದ ಒಂದು ಗೇಣು ಮ್ಯಾಲ ಇರ್ಲಿ, ಗಿಡ ಬೆಳದಂಗ ಏರಿಸ್ಕೋತ ಹೋಗ್ರಿ. ಮೊಬೈಲಿನ್ಯಾಗ ಬೆಳಕು ಅಳೆಯೋ ಲಕ್ಸ್ ಮೀಟರ್ ಆ್ಯಪ್ ಹಾಕ್ಕೊಂಡು ಗಿಡದ ಎತ್ತರಕ್ಕ ಹಿಡೀರಿ, 10 ಸಾವಿರ ಲಕ್ಸಿನ ಆಸುಪಾಸು ಬಂದ್ರ ಛಲೋ. ಹೊರಗ ಸುಡುಬಿಸಲಿನ್ಯಾಗ 1 ಲಕ್ಷ ಇರ್ತದ, ನಮಗ ಬೆಳಕು ಅನಿಸೋ ರೂಮಿನ್ಯಾಗ 500 ದಾಟೋದೂ ಕಷ್ಟ, ಅದಕ್ಕೇ ಕಿಡಕಿಯಿಂದ ದೂರ ಇಟ್ಟ ಗಿಡ ಸಣಕಲಾಗಿ ಉದ್ದಕ್ಕ ಬಾಗ್ತಾವ. ಸುತ್ತ ಸುಣ್ಣ ಹೊಡ್ದ ಬಿಳಿ ಗ್ವಾಡಿ ಇದ್ರ ಬೆಳಕು ತಿರುಗಿ ಗಿಡಕ್ಕೇ ಬೀಳ್ತದ.

ಈಗ ಮುಖ್ಯ ಮಾತು, ಲೈಟ್ ಯಾವಾಗ ಹಚ್ಚಬೇಕು? ಬ್ಯಾಸಗಿಯೊಳಗ ರಾತ್ರಿ 8ರಿಂದ ಮುಂಜಾನಿ 10ರ ತನಕ. ಬೆಳಕು ಬಿದ್ದಾಗ ಎಲಿ ತನ್ನ ಸಣ್ಣ ರಂಧ್ರ ತೆರೀತದ, ಅದರಿಂದ ಗಾಳಿ ತಗೊಂತದ, ನೀರೂ ಬಿಡ್ತದ. ನಮ್ಮ ಕಡೆ ಮಧ್ಯಾಹ್ನದ ಒಣ ಗಾಳಿಯೊಳಗ ಹಂಗ ನೀರು ಬಿಟ್ರ ಬೇರು ಎಷ್ಟು ಎಳದ್ರೂ ಸಾಲಂಗಿಲ್ಲ, ಎಲಿ ಅಂಚು ಒಣಗ್ತದ. ಕತ್ತಲಿದ್ರ ಆ ರಂಧ್ರ ಭಾಳಷ್ಟು ಮುಚ್ಚಿರ್ತಾವ, ಅಂದ್ರ ಉರಿ ಹೊತ್ತಿನ್ಯಾಗ ಗಿಡ ಮಲಗಿರ್ತದ, ಥಂಪು ಹೊತ್ತಿನ್ಯಾಗ ಕೆಲಸ ಮಾಡ್ತದ. ಅದಕ್ಕ ಹಗಲು ಪರದೆ ಹಾಕಿ ಕತ್ತಲು ಮಾಡಬೇಕು, ಇಲ್ಲಂದ್ರ ಕೊತಂಬರಿ ಲಗೂನ ಹೂವಿಗೆ ಬರ್ತದ (ಕೊತಂಬರಿಗೆ 12 ತಾಸು ಬೆಳಕು ಸಾಕು). ಒಂದು ಟೈಮರ್ ಪ್ಲಗ್ ಹಾಕಿದ್ರ ಚಿಂತಿ ಇಲ್ಲ. ಮೂರು ಟ್ಯೂಬ್ 14 ತಾಸು ಉರಿದ್ರ ತಿಂಗಳಿಗೆ 25 ಯುನಿಟ್. ಥಂಡಿ ದಿನದಾಗ ಇದನ್ನ ಹಗಲಿಗೆ ಬದಲಿ ಮಾಡ್ಕೋರಿ.

ಗಾಳಿ ಲೆಕ್ಕನೂ ಹಂಗೇ. ಎಕ್ಸಾಸ್ಟ್ ಫ್ಯಾನ್ ಒಂದು ಗ್ವಾಡಿಯ ಮ್ಯಾಲಿನ ಭಾಗದಾಗ ಇರ್ಲಿ, ಗಾಳಿ ಬರೋ ದಾರಿ ಎದುರು ಗ್ವಾಡಿಯ ತಳದಾಗ, ಎರಡೂ ಬಾಜೂ ಬಾಜೂ ಇದ್ರ ಬಂದ ಗಾಳಿ ಗಿಡ ಮುಟ್ಟದೇ ಹಂಗೇ ಹೊರಗ ಹೋಗ್ತದ. 10 ಫೂಟ್ ಉದ್ದ, ಅಗಲ, ಎತ್ತರದ ರೂಮಿನ್ಯಾಗ ಸುಮಾರು 28 ಘನ ಮೀಟರ್ ಗಾಳಿ ಇರ್ತದ, ತಾಸಿಗೆ ಹತ್ತು ಸಲ ಬದಲಾಗ್ಲಿಕ್ಕ 280 ಘನ ಮೀಟರ್ ಎಳೆಯೋ ಫ್ಯಾನ್ ಬೇಕು, ಬಾಕ್ಸ್ ಮ್ಯಾಲ ಬರದಿರ್ತದ ನೋಡಿ ತಗೋರಿ. ಬ್ಯಾಸಗಿಯೊಳಗ ಸಂಜಿನೇ ಹಚ್ಚಬ್ಯಾಡ್ರಿ, ಹೊರಗಿನ ಗಾಳಿ ರೂಮಿಗಿಂತ ಥಂಪಾದ ಮ್ಯಾಲ, ಅಂದ್ರ ಒಂಬತ್ತು-ಹತ್ತಕ್ಕ ಹಚ್ಚಿ ಮುಂಜಾನಿ ಎಂಟಕ್ಕ ಬಂದ್ ಮಾಡಿ ಕಿಡಕಿ ಮುಚ್ಚಿಬಿಡ್ರಿ. ಒಳಗ ಸಣ್ಣ ಟೇಬಲ್ ಫ್ಯಾನ್ ಮಾತ್ರ ನಿಲ್ಲಬಾರ್ದು, ಎಲಿ ಮೆಲ್ಲಗ ಅಳ್ಳಾಡೋವಷ್ಟು ಗಾಳಿ ಸಾಕು, ಅದ್ರಿಂದ ಕಾಂಡ ಗಟ್ಟಿ ಆಗ್ತದ, ಬುಡಕ್ಕ ಬೂಜು ಹಿಡಿಯೋದೂ ಕಮ್ಮಿ.

ಕೂಲರ್ ಇದ್ರ ಏಪ್ರಿಲ್-ಮೇ ತಿಂಗಳದಾಗ ಭಾಳ ಉಪಯೋಗ, ಆದ್ರ ಅದು ನಡೆಯೋ ಹೊತ್ತಿನ್ಯಾಗ ಮಾತ್ರ ಅದರ ಗಾಳಿ ಹೊರಗ ಹೋಗ್ಲಿಕ್ಕ ಎದುರಿನ ಕಿಡಕಿ ತುಸು ತೆರದಿರಬೇಕು, ಗಿಡಕ್ಕ ನೇರ ಬಡೀಬಾರ್ದು. ಮಳಿಗಾಲದಾಗ ಕೂಲರ್ ಮುಟ್ಟಬ್ಯಾಡ್ರಿ, ಹಸಿ ಮ್ಯಾಲ ಹಸಿ ಆಗಿ ಎಲಿ ಕೊಳೀತಾವ.

ನೀರು, ಕರೆಂಟ್ ಒಂದೇ ಜಾಗದಾಗ ಇರ್ತಾವ, ಇದನ್ನ ಹಗುರ ತಗೋಬ್ಯಾಡ್ರಿ. ಅರ್ಥಿಂಗ್ ಇರೋ ಸಾಕೆಟ್, ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಬಂದ್ ಆಗೋ ಸ್ವಿಚ್) ಎರಡೂ ಎಲೆಕ್ಟ್ರಿಷಿಯನ್ ಕಡೆಯಿಂದ ಹಾಕಿಸ್ರಿ. ವೈರ್ ಸಾಕೆಟ್‌ಗಿಂತ ಕೆಳಗ ಜೋತು ಆಮ್ಯಾಲ ಮ್ಯಾಲ ಹೋಗಬೇಕು, ಹಂಗಿದ್ರ ವೈರ್ ಮ್ಯಾಲ ಹರದ ನೀರು ಪ್ಲಗ್ ಮುಟ್ಟದೇ ಕೆಳಗ ತೊಟ್ಟಿಕ್ತದ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮ್ಯಾಲ ಇಡಲೇಬ್ಯಾಡ್ರಿ, ಗ್ವಾಡಿಗೆ ಎತ್ತರಕ್ಕ ಬಡೀರಿ.