ಮೊಸರಿನ ಕೆಲಸ ಯಾರಿಗೆ? ವೀಗನ್ ಅಡುಗೆಗೆ ದಿನಸಿ ಹೊಂದಿಸಿದ ನನ್ನ ಅನುಭವ

2023ರ ಜನವರಿಯಲ್ಲಿ ಹಾಲು, ಮೊಸರು, ತುಪ್ಪ, ಜೇನುತುಪ್ಪಗಳನ್ನು ಬಿಟ್ಟು ವೀಗನ್ ಆಗುವುದೆಂದು, ಅಂದರೆ ಪ್ರಾಣಿಗಳಿಂದ ಬರುವ ಯಾವುದನ್ನೂ ತಿನ್ನುವುದಿಲ್ಲವೆಂದು, ನಿರ್ಧರಿಸಿದ ವಾರವೇ ಮೈಸೂರಿನ ಒಂದು ದೊಡ್ಡ ಅಂಗಡಿಗೆ ಹೋಗಿ ಸುಮಾರು ಮೂರು ಸಾವಿರ ರೂಪಾಯಿಗಳ ಸಾಮಾನು ಹೊತ್ತು ತಂದೆ. ಅದರಲ್ಲಿ ಬಾದಾಮಿ ಹಾಲಿನ ಎರಡು ಪೊಟ್ಟಣ, ಗೋಡಂಬಿಯಿಂದ ಮಾಡಿದ ಚೀಸ್, ಟೋಫು ಎಂಬ ಸೋಯಾ ಪನೀರು ಮತ್ತು ಚಿಯಾ ಬೀಜ ಇದ್ದವು. ಎರಡು ವಾರ ಕಳೆಯುವುದರೊಳಗೆ ಟೋಫು ಹುಳಿವಾಸನೆ ಹಿಡಿಯಿತು, ತೆರೆದ ಬಾದಾಮಿ ಹಾಲು ಕೆಟ್ಟಿತು, ಚೀಸನ್ನು ಯಾವ ಅಡುಗೆಗೆ ಬಳಸಬೇಕೆಂದು ತೋಚದೆ ಫ್ರಿಜ್ಜಿನ ಮೂಲೆಗೆ ತಳ್ಳಿದೆ. ಇಷ್ಟೆಲ್ಲ ಮನೆಯಲ್ಲಿದ್ದರೂ ರಾತ್ರಿ ಸಾರನ್ನ ಉಂಡ ಮೇಲೆ ಮೊಸರನ್ನವಿಲ್ಲದೆ ಅರೆಹೊಟ್ಟೆಯಲ್ಲಿ ಎದ್ದಂತೆ ಅನ್ನಿಸುತ್ತಿತ್ತು.

ನಮ್ಮ ಮನೆಯಲ್ಲಿ ನಾವು ಮೂವರು. ಹಾಲು ಬಿಟ್ಟವಳು ನಾನೊಬ್ಬಳೇ. ಆ ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ ನೋಡಿದ ಅತ್ತೆ, "ಅಲ್ಲಮ್ಮಾ, ಇದನ್ನೆಲ್ಲ ನಮ್ಮ ಅಡುಗೇಲಿ ಯಾವುದಕ್ಕೆ ಹಾಕ್ತೀಯ?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಅಂದು ಸಂಜೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಯಲ್ಲಿ, ನಮ್ಮ ಅಡುಗೆಯಲ್ಲಿ ಹೈನು ಎಲ್ಲೆಲ್ಲಿ ಬರುತ್ತದೆ, ಬಂದಲ್ಲಿ ಯಾವ ಕೆಲಸ ಮಾಡುತ್ತದೆ ಎಂದು ಬರೆಯುತ್ತ ಹೋದೆ. ಮಜ್ಜಿಗೆಹುಳಿಯಲ್ಲಿ ಮೊಸರು ಹುಳಿಯನ್ನೂ ಸಾಂದ್ರತೆಯನ್ನೂ ಕೊಡುತ್ತದೆ, ತಂಬುಳಿಯಲ್ಲಿ ತಂಪು, ಬಿಸಿಬೇಳೆಬಾತಿನ ಮೇಲಿನ ತುಪ್ಪ ಪರಿಮಳ, ಪಾಯಸದ ಹಾಲು ಮೃದುತ್ವ. ಇನ್ನೊಂದು ವಿಷಯವೂ ಆ ಹಾಳೆಯಲ್ಲಿ ಕಣ್ಣಿಗೆ ಬಿತ್ತು: ಹುಳಿ, ಬಸ್ಸಾರು, ಉಪ್ಸಾರು, ಗೊಜ್ಜು, ಪಲ್ಯ, ಚಿತ್ರಾನ್ನ, ಮುದ್ದೆ, ಅಕ್ಕಿರೊಟ್ಟಿ ಇವುಗಳ ಮುಂದೆ ಬರೆಯಲು ಏನೂ ಇರಲಿಲ್ಲ, ಒಗ್ಗರಣೆಯ ತುಪ್ಪವೊಂದನ್ನು ಬಿಟ್ಟರೆ. ಮುಂದೆ ನಾನು ತಂದ ದಿನಸಿಯೆಲ್ಲ ಆ ಹಾಳೆಯನ್ನು ಆಧರಿಸಿಯೇ ತಂದದ್ದು.

ಮೊದಲು ಜಿಡ್ಡಿನ ವಿಷಯವನ್ನು ತೀರ್ಮಾನಿಸಿಕೊಂಡೆ. ಸಾರು, ಹುಳಿ, ಚಟ್ನಿಯ ಒಗ್ಗರಣೆಗೆ ಕೊಬ್ಬರಿ ಎಣ್ಣೆಯನ್ನೂ, ಪಲ್ಯ ಮತ್ತು ಕರಿಯುವ ಕೆಲಸಕ್ಕೆ ಗಾಣದ ಕಡಲೆಕಾಯಿ ಎಣ್ಣೆಯನ್ನೂ, ಪುಳಿಯೋಗರೆ ಗೊಜ್ಜಿಗೆ ಎಳ್ಳೆಣ್ಣೆಯನ್ನೂ ಇಟ್ಟುಕೊಂಡೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಮೈಸೂರಿನ ಚಳಿಗಾಲದ ಬೆಳಗ್ಗೆ ಅದನ್ನು ಚಮಚದಲ್ಲಿ ತುಪ್ಪದಂತೆಯೇ ತೆಗೆದು ಬಿಸಿ ಅನ್ನದ ಮೇಲೆ ಹಾಕಿಕೊಳ್ಳಬಹುದು. ಶಿರಸಿಯ ಕಡೆಯಿಂದ ಬಂದ ಗೆಳತಿಯೊಬ್ಬಳು ಮುರುಗಲ, ಅಂದರೆ ಪುನರ್ಪುಳಿಯ ಬೀಜದಿಂದ ತೆಗೆದ ಗಟ್ಟಿ ತುಪ್ಪದ ಉಂಡೆಯನ್ನು ಕೊಟ್ಟಾಗ, ತುಪ್ಪವೆಂಬ ಹೆಸರಿನದೇ ಒಂದು ಸಸ್ಯದ ಜಿಡ್ಡು ನಮ್ಮ ರಾಜ್ಯದಲ್ಲೇ ಇರುವುದು ನನಗೆ ಮೊದಲ ಬಾರಿಗೆ ತಿಳಿಯಿತು. ಅದು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಸಿಕ್ಕಾಗ ಸ್ವಲ್ಪ ತಂದಿಡುತ್ತೇನೆ. ಜೇನುತುಪ್ಪದ ಸ್ಥಾನಕ್ಕೆ ಮಲೆನಾಡಿನ ಜೋನಿ ಬೆಲ್ಲ ಬಂತು, ದೋಸೆಗೆ ಅದು ಜೇನಿಗಿಂತ ಚೆನ್ನಾಗಿದೆ ಎಂಬುದು ನನ್ನ ಅಭಿಪ್ರಾಯ.

ಹೆಚ್ಚು ಕಾಲ ಹಿಡಿದದ್ದು ಮೊಸರು. ಒಂದು ಪಾವು ಕಡಲೆಕಾಯಿ ಬೀಜವನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಸಿಪ್ಪೆಯನ್ನೆಲ್ಲ ಉಜ್ಜಿ ತೆಗೆದು, ಅದರ ನಾಲ್ಕರಷ್ಟು ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುತ್ತೇನೆ. ಈ ಹಾಲನ್ನು ಸಣ್ಣ ಉರಿಯಲ್ಲಿ ತಳ ಬಿಡದೆ ಕೈಯಾಡಿಸುತ್ತ ಹತ್ತು ನಿಮಿಷವಾದರೂ ಕಾಯಿಸಬೇಕು. ಇಲ್ಲವಾದರೆ ಹಸಿ ಬೀಜದ ವಾಸನೆ ಮೊಸರಿನಲ್ಲಿಯೂ ಉಳಿಯುತ್ತದೆ. ಉಗುರುಬೆಚ್ಚಗಾದ ಮೇಲೆ ಹೆಪ್ಪಿಗೆಂದು ಆರೇಳು ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಮುಳುಗಿಸಿ ಮುಚ್ಚಿಡುತ್ತೇನೆ, ಏಕೆಂದರೆ ಹಾಲನ್ನು ಹುಳಿಯಾಗಿಸುವ ಸೂಕ್ಷ್ಮಾಣುಗಳು ಆ ತೊಟ್ಟುಗಳಲ್ಲಿ ಇರುತ್ತವೆ. ಮೊದಲ ಸಲ ಸಿಗುವುದು ತೆಳ್ಳನೆಯ, ತುಸು ಘಾಟು ವಾಸನೆಯ ದ್ರವ. ಅದನ್ನು ಊಟಕ್ಕೆ ಬಳಸದೆ ಎರಡನೆಯ ಪಾತ್ರೆಗೆ ಹೆಪ್ಪಾಗಿ ಹಾಕಿದರೆ ಮೂರನೆಯ ಸುತ್ತಿನ ಹೊತ್ತಿಗೆ ತಿನ್ನಬಹುದಾದ ಮೊಸರು ಬರುತ್ತದೆ. ಈ ಮಾತು ಗೊತ್ತಿಲ್ಲದೆ ನಾನು ಮೊದಲೆರಡು ಪಾತ್ರೆಗಳನ್ನು ಸುಮ್ಮನೆ ಚೆಲ್ಲಿದ್ದೆ. ಜನವರಿಯ ಚಳಿಯಲ್ಲಿ ಕಡಪದ ಕಲ್ಲಿನ ಕಟ್ಟೆಯ ಮೇಲಿಟ್ಟ ಪಾತ್ರೆ ಹದಿನಾಲ್ಕು ಗಂಟೆ ಕಳೆದರೂ ಹೆಪ್ಪುಗಟ್ಟಿರಲಿಲ್ಲ. ಆಮೇಲೆ ಅದನ್ನು ಹಾಟ್‌ಬಾಕ್ಸಿನೊಳಗೆ ಇಡತೊಡಗಿದೆ.

ಈ ಮೊಸರಿನಲ್ಲಿ ಬೂದುಗುಂಬಳಕಾಯಿಯ ಮಜ್ಜಿಗೆಹುಳಿ ಮಾಡಿ ಬಡಿಸಿದ ದಿನ ಅತ್ತೆ ಎರಡು ಸಲ ಹಾಕಿಸಿಕೊಂಡರು. "ಮೊಸರನ್ನಕ್ಕೆ ಇದು ಆಗಲ್ಲ, ಹುಳಿಗೇನೋ ಪರವಾಗಿಲ್ಲ" ಎಂದು ತೀರ್ಪು ಕೊಟ್ಟರು, ಅದು ನ್ಯಾಯವಾದ ತೀರ್ಪೇ ಆಗಿತ್ತು. ನೆನೆಸಿದ ಕಡಲೆಬೇಳೆ, ತೆಂಗಿನತುರಿ, ಹಸಿಮೆಣಸು, ಶುಂಠಿಯನ್ನು ರುಬ್ಬಿ ಹಾಕುವ ಆ ಹುಳಿಗೆ ಸ್ವಂತದ ಸಾಂದ್ರತೆ ಇದೆ. ಒಲೆ ಆರಿಸಿದ ಮೇಲೆ ಮೊಸರು ಸೇರಿಸಿದರೆ ಒಡೆಯುವುದೂ ಇಲ್ಲ. ತಂಬುಳಿಗೆ ಮಾತ್ರ ತೆಂಗಿನ ಹಾಲಿಗೆ ನಿಂಬೆಹಣ್ಣು ಹಿಂಡಿ ಬಳಸುತ್ತೇನೆ. ಊಟದ ಕೊನೆಗೆ ಅಪ್ಪೆಹುಳಿ ಅಥವಾ ಪುನರ್ಪುಳಿಯ ಸಾರನ್ನು ಲೋಟದಲ್ಲಿ ಕುಡಿಯುವ ಅಭ್ಯಾಸವನ್ನು ಕರಾವಳಿ ಮತ್ತು ಉತ್ತರ ಕನ್ನಡದವರಿಂದ ಕಲಿತೆ, ಮೊಸರನ್ನದ ಕೊರತೆಯನ್ನು ತುಂಬಿದ್ದು ನಿಜವಾಗಿ ಅದೇ. ಹೀಗಾಗಿ ಒಣಗಿಸಿದ ಪುನರ್ಪುಳಿ ಸಿಪ್ಪೆ ನಮ್ಮ ಮನೆಯಲ್ಲಿ ಹುಣಸೆಹಣ್ಣಿನ ಪಕ್ಕದಲ್ಲಿಯೇ ಇರುತ್ತದೆ.

ಕಾಳುಗಳನ್ನು ತಿಂಗಳಿಗೊಮ್ಮೆ ಸಂತೇಪೇಟೆಯ ಸಗಟು ಅಂಗಡಿಗಳಿಂದ ತರುತ್ತೇನೆ: ಹುರುಳಿ, ಅಲಸಂದೆ, ಹೆಸರುಕಾಳು, ಮಡಿಕೆಕಾಳು, ಕಡಲೆಕಾಳು ತಲಾ ಅರ್ಧ ಕಿಲೋ, ತೊಗರಿಬೇಳೆ ಎರಡು ಕಿಲೋ. ಅತಿಯಾಸೆಯಿಂದ ಒಂದೇ ಸಲ ಐದು ಕಿಲೋ ಹುರುಳಿ ತಂದು, ಮಳೆಗಾಲದಲ್ಲಿ ಅರ್ಧಕ್ಕರ್ಧ ಹುಳ ಹಿಡಿದ ಮೇಲೆ ಈ ಅಳತೆಗೆ ಇಳಿದೆ. ಈಗ ಬಿಸಿಲಿಗೆ ಹಾಕಿ ಆರಿಸಿ, ಒಣಮೆಣಸಿನಕಾಯಿ ಹಾಕಿ ಡಬ್ಬಿ ತುಂಬುತ್ತೇನೆ. ಅಗಸೆ ಬೀಜವನ್ನು ಪುಡಿ ಮಾಡಿದ ಮೇಲೆ ಹೊರಗಿಟ್ಟರೆ ಬೇಗ ಮುಗ್ಗುವಾಸನೆ ಬರುತ್ತದೆ. ಆದ್ದರಿಂದ ಉತ್ತರ ಕರ್ನಾಟಕದವರ ರೀತಿಯಲ್ಲಿ ಅಗಸೆ, ಗುರೆಳ್ಳು, ಶೇಂಗಾ ಚಟ್ನಿಪುಡಿಗಳನ್ನು ಹದಿನೈದು ದಿನಕ್ಕಾಗುವಷ್ಟೇ ಕುಟ್ಟಿಕೊಳ್ಳುತ್ತೇನೆ. ತುಪ್ಪವಿಲ್ಲದ ರೊಟ್ಟಿಗೆ ಗುರೆಳ್ಳು ಪುಡಿ ಮತ್ತು ಎಣ್ಣೆ ಸಾಕು.

ಸುಣ್ಣಾಂಶದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೂ ದೇಹಕ್ಕೆ ದಕ್ಕುವುದಿಲ್ಲ, ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಡುತ್ತದೆ; ಮೊಳಕೆ ಬರಿಸಿದರೆ ಈ ಅಡ್ಡಿ ಕಡಿಮೆಯಾಗುತ್ತದೆ. ಹಾಗಾಗಿ ಮುದ್ದೆಗೆ ಮಾಮೂಲಿ ಹಿಟ್ಟನ್ನೂ, ಬೆಳಗಿನ ಅಂಬಲಿಗೆ ಮೊಳಕೆ ರಾಗಿ ಹಿಟ್ಟನ್ನೂ ಬೇರೆ ಬೇರೆ ಬೀಸಿಸುತ್ತೇನೆ. ನುಗ್ಗೆಸೊಪ್ಪು ಮತ್ತು ಎಳ್ಳು ಕೂಡ ವಾರಕ್ಕೆ ಎರಡು ಮೂರು ಬಾರಿ ಬರುತ್ತವೆ. ಉಪ್ಪು ಅಯೋಡಿನ್ ಸೇರಿಸಿದ್ದೇ ಇರಬೇಕು, ಸೈಂಧವ ಲವಣದ ಖಯಾಲಿಗೆ ನಾನು ಬೀಳಲಿಲ್ಲ. ಆದರೆ ಬಿ12 ಜೀವಸತ್ವವನ್ನು ಯಾವ ದಿನಸಿಯಿಂದಲೂ ಹೊಂದಿಸಲಾಗದು. ಸೊಪ್ಪು, ಕಾಳುಗಳಲ್ಲಿ ಅದು ಇಲ್ಲ, ಹುದುಗಿಸಿದ ಇಡ್ಲಿ ಹಿಟ್ಟನ್ನು ನಂಬುವಂತಿಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಹಾಲು ಮೊಸರೇ ಅದರ ಮೂಲವಾಗಿತ್ತು. ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿ ಅವರು ಹೇಳಿದ ಮಾತ್ರೆಯನ್ನು ಮೊದಲ ತಿಂಗಳಿನಿಂದಲೇ ತೆಗೆದುಕೊಳ್ಳುತ್ತಿದ್ದೇನೆ. ದಿನಸಿ ಚೀಟಿಯ ಕೊನೆಯ ಸಾಲಿನಲ್ಲಿ ಅದೂ ಇರುತ್ತದೆ.

ಪೊಟ್ಟಣದ ತಿಂಡಿಗಳನ್ನು ಕೊಳ್ಳುವಾಗ ಹಸಿರು ಚುಕ್ಕೆಯನ್ನು ನಂಬಿ ಹಲವು ಸಲ ಮೋಸಹೋದೆ. ಆ ಚುಕ್ಕೆ ಸಸ್ಯಾಹಾರಕ್ಕೆ ಸಂಬಂಧಿಸಿದ್ದು, ಹಾಲು ಮತ್ತು ಜೇನು ಅದರೊಳಗೆ ಬರುತ್ತವೆ. ಬ್ರೆಡ್ಡು, ಬಿಸ್ಕತ್ತು, ಮಸಾಲೆ ಹಚ್ಚಿದ ಚಿಪ್ಸುಗಳಲ್ಲಿ ಮಿಲ್ಕ್ ಸಾಲಿಡ್ಸ್, ವೇ ಪೌಡರ್ ಎಂಬ ಹೆಸರುಗಳಲ್ಲಿ ಹೈನು ಅಡಗಿರುತ್ತದೆ. ಪದಾರ್ಥಗಳ ಪಟ್ಟಿಯ ಕೆಳಗೆ ಅಲರ್ಜಿಯವರಿಗಾಗಿ "ಕಂಟೈನ್ಸ್ ಮಿಲ್ಕ್" ಎಂದು ಬರೆದಿರುವ ಸಾಲನ್ನು ಮೊದಲು ಓದಿದರೆ ಕೆಲಸ ಸುಲಭ. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಗಳನ್ನೂ ಒಂದು ಗುರುತನ್ನೂ ತಂದಿದೆ, ಆದರೆ ನಾನು ಹೋಗುವ ಬೀದಿಯಂಗಡಿಗಳಲ್ಲಿ ಅದು ಕಾಣುವುದು ಅಪರೂಪ.

ಇನ್ನು ಕಾಫಿ. ಸೋಯಾ ಹಾಲು ಬಿಸಿ ಡಿಕಾಕ್ಷನ್ನಿನ ಆಮ್ಲಕ್ಕೆ ಒಡೆದು ಚೂರುಚೂರಾಯಿತು. ಕಡಲೆಕಾಯಿ ಹಾಲಿನಲ್ಲಿ ಕಾಫಿಗಿಂತ ಕಡಲೆಕಾಯಿಯೇ ಮುಂದೆ ನಿಂತಿತು. ಈಗ ರಾತ್ರಿ ಹತ್ತು ಗೋಡಂಬಿ ನೆನೆಸಿ, ಬೆಳಗ್ಗೆ ಒಂದು ಲೋಟ ನೀರಿನಲ್ಲಿ ತರಿಯಿಲ್ಲದಂತೆ ರುಬ್ಬಿ, ಸೋಸದೆಯೇ ಬೆಚ್ಚಗೆ ಮಾಡಿ, ಅದಕ್ಕೆ ಗಟ್ಟಿ ಡಿಕಾಕ್ಷನ್ನನ್ನು ನಿಧಾನವಾಗಿ ಸುರಿಯುತ್ತೇನೆ. ಕುದಿಸಿದರೆ ಗಂಜಿಯಂತಾಗುತ್ತದೆ. ಚಿಕೋರಿ ಸ್ವಲ್ಪ ಹೆಚ್ಚಿರುವ ಪುಡಿಯಾದರೆ ಬಣ್ಣವೂ ಸರಿಹೋಗುತ್ತದೆ, ನೊರೆ ಮಾತ್ರ ಏಳುವುದಿಲ್ಲ. ಪಕ್ಕದ ಒಲೆಯಲ್ಲಿ ಅತ್ತೆಯ ಹಾಲು ಕಾಯುತ್ತಿರುತ್ತದೆ; ಅದು ಉಕ್ಕದಂತೆ ನೋಡಿಕೊಳ್ಳುವುದು ಈಗಲೂ ನನ್ನ ಕೆಲಸವೇ.