ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಆಗುವ ಗಾಯ: ತಡೆಯುವ ನಿಯಮಗಳನ್ನು ಜಾರಿಗೆ ತರುವ ಬಗೆ

ರೋಗಿಯ ತೋಳಿನಿಂದ ರಕ್ತ ತೆಗೆದ ನರ್ಸ್ ಒಬ್ಬರ ಒಂದು ಕೈಯಲ್ಲಿ ಸೂಜಿ ಇದೆ, ಇನ್ನೊಂದು ಕೈ ಹತ್ತಿಯನ್ನು ಒತ್ತಿ ಹಿಡಿದಿದೆ. ಸೂಜಿ ಹಾಕುವ ಡಬ್ಬಿ ವಾರ್ಡಿನ ಆ ತುದಿಯ ಗೋಡೆಯ ಬಳಿ ಇದೆ. ತೆರೆದ ಸೂಜಿಯನ್ನು ಹಿಡಿದು ಅಷ್ಟು ದೂರ ನಡೆಯಲು ಮನಸ್ಸಾಗದೆ ಅವರು ಅದಕ್ಕೆ ಮುಚ್ಚಳ ತೊಡಿಸಲು ಹೋಗುತ್ತಾರೆ. ತುದಿ ಜಾರಿ, ಮುಚ್ಚಳ ಹಿಡಿದ ಬೆರಳಿಗೇ ಚುಚ್ಚುತ್ತದೆ. ಇದನ್ನು ಅಜಾಗರೂಕತೆ ಎಂದು ಬರೆದು ಕಡತ ಮುಚ್ಚುವುದು ಸುಲಭ, ಆದರೆ ಅದು ಅನ್ಯಾಯ. ಡಬ್ಬಿ ಕೈಗೆಟುಕುವಲ್ಲಿ ಇದ್ದಿದ್ದರೆ ಮುಚ್ಚಳದ ಪ್ರಶ್ನೆಯೇ ಏಳುತ್ತಿರಲಿಲ್ಲ. ನಿಯಮ ರೂಪಿಸುವವರು ಮೊದಲು ನೋಡಬೇಕಾದದ್ದು ಈ ಕೆಲವು ಕ್ಷಣಗಳನ್ನು.

ಅಪಾಯದ ಪ್ರಮಾಣವನ್ನು ಸಿಬ್ಬಂದಿಗೆ ಮುಚ್ಚಿಡದೆ, ಹೆದರಿಸದೆ ತಿಳಿಸಬೇಕು. ಸೋಂಕಿತ ರಕ್ತವಿರುವ ಸೂಜಿ ಒಮ್ಮೆ ಚುಚ್ಚಿದಾಗ ಎಚ್‌ಐವಿ ಹರಡುವ ಸಾಧ್ಯತೆ ಸುಮಾರು ಶೇಕಡಾ 0.3, ಹೆಪಟೈಟಿಸ್ ಸಿ ಹರಡುವ ಸಾಧ್ಯತೆ ಶೇಕಡಾ 2ಕ್ಕಿಂತ ಕಡಿಮೆ. ಲಸಿಕೆ ಪಡೆಯದವರಲ್ಲಿ ಹೆಪಟೈಟಿಸ್ ಬಿ ಮಾತ್ರ ಶೇಕಡಾ 6ರಿಂದ 30ರವರೆಗೆ ಹರಡಬಲ್ಲದು. ಮೂರರಲ್ಲಿ ಹೆಚ್ಚು ಸುಲಭವಾಗಿ ಹರಡುವ ಈ ಕಾಯಿಲೆಗೇ ಒಳ್ಳೆಯ ಲಸಿಕೆ ಇದೆ. ಆದ್ದರಿಂದ ಮೊದಲ ನಿಯಮ ಲಸಿಕೆಯದ್ದೇ ಆಗಿರಲಿ. ಸಾಮಾನ್ಯವಾಗಿ ಮೊದಲ ಡೋಸ್, ಒಂದು ತಿಂಗಳ ನಂತರ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು, ಅದಾಗಿ ಒಂದೆರಡು ತಿಂಗಳಿಗೆ ದೇಹದಲ್ಲಿ ರಕ್ಷಣೆ ಬಂದಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆ. ಇದೆಲ್ಲವೂ ಸಂಸ್ಥೆಯ ಖರ್ಚಿನಲ್ಲಿ ನಡೆಯಬೇಕು, ಮತ್ತು ಗುತ್ತಿಗೆಯ ಮೇಲೆ ಕಸ ತೆಗೆಯುವವರಿಗೂ ಬಟ್ಟೆ ಒಗೆಯುವವರಿಗೂ ಸಿಗಬೇಕು. ಸೂಜಿಯನ್ನು ಎಂದೂ ಬಳಸದ ಇವರಿಗೆ, ಯಾರೋ ಹಾಸಿಗೆಯ ಹೊದಿಕೆಯಲ್ಲಿ ಮರೆತುಬಿಟ್ಟ ಸೂಜಿ ಚುಚ್ಚುತ್ತದೆ. ಅದು ಯಾವ ರೋಗಿಯದೆಂದು ಪತ್ತೆಯಾಗುವುದೂ ಕಷ್ಟ.

ಕಾಗದದ ಮೇಲೆ ನಿಯಮ ಬರೆಯುವ ಮುನ್ನ ವಾರ್ಡ್, ಲ್ಯಾಬ್, ಶಸ್ತ್ರಚಿಕಿತ್ಸಾ ಕೊಠಡಿ, ಕಸ ಸಂಗ್ರಹಿಸುವ ಜಾಗ, ಇಷ್ಟನ್ನೂ ಒಮ್ಮೆ ಸುತ್ತಿ, ಕೆಲಸ ನಡೆಯುವಾಗಲೇ ನಿಂತು ನೋಡಿರಿ. ಸೂಜಿ ಪೊಟ್ಟಣದಿಂದ ಹೊರಬಂದ ಕ್ಷಣದಿಂದ ಡಬ್ಬಿಗೆ ಬೀಳುವವರೆಗೆ ಎಷ್ಟು ಹೆಜ್ಜೆ, ಎಷ್ಟು ಕೈ, ಎಷ್ಟು ಹೊತ್ತು ಎಂದು ಎಣಿಸಿರಿ. ರಾತ್ರಿಪಾಳಿಯನ್ನು ಬಿಡಬೇಡಿ, ಜನ ಕಡಿಮೆಯಿರುವಾಗಲೇ ಅವಸರ ಹೆಚ್ಚು.

ಆನಂತರ ಕೇಳಬೇಕಾದ ಪ್ರಶ್ನೆ, ಈ ಸೂಜಿಯೇ ಬೇಕೇ ಎಂಬುದು. ಬಾಯಿಯ ಮೂಲಕ ಕೊಡಬಹುದಾದ ಔಷಧಿಯನ್ನು ಚುಚ್ಚುಮದ್ದಾಗಿ ಕೊಡುತ್ತಿದ್ದರೆ ಅದನ್ನು ನಿಲ್ಲಿಸುವುದೇ ಅತ್ಯುತ್ತಮ ರಕ್ಷಣೆ. ಡ್ರಿಪ್ ನಳಿಕೆಗೆ ಔಷಧಿ ಸೇರಿಸಲು ಸೂಜಿಯಿಲ್ಲದ ಜೋಡಣೆಗಳಿವೆ. ಸೂಜಿ ಅನಿವಾರ್ಯವಾದಲ್ಲಿ, ಬಳಸಿದ ಬಳಿಕ ತುದಿ ಒಳಸರಿಯುವ ಅಥವಾ ಕವಚದಿಂದ ಮುಚ್ಚಿಕೊಳ್ಳುವ ಸುರಕ್ಷಾ ಸೂಜಿಗಳನ್ನು ತರಿಸಬೇಕು. ಅವನ್ನು ಆರಿಸುವ ಕೆಲಸ ಖರೀದಿ ವಿಭಾಗಕ್ಕಷ್ಟೇ ಸೇರಿದ್ದಲ್ಲ. ಅಮೆರಿಕದಲ್ಲಿ 2000ರಲ್ಲಿ ಬಂದ ಕಾನೂನು, ರೋಗಿಯ ಆರೈಕೆಯಲ್ಲಿ ನೇರವಾಗಿ ತೊಡಗಿರುವ ಸಿಬ್ಬಂದಿಯ ಅಭಿಪ್ರಾಯ ಕೇಳಿಯೇ ಇಂಥ ಸಾಧನಗಳನ್ನು ಆರಿಸಬೇಕೆಂದು ಉದ್ಯೋಗದಾತರಿಗೆ ವಿಧಿಸಿತು. ಅದು ಎಲ್ಲೆಡೆಯೂ ಅನುಸರಿಸತಕ್ಕ ಮಾತು, ಏಕೆಂದರೆ ಕೈಗೆ ಒಗ್ಗದ ಸುರಕ್ಷಾ ಸೂಜಿಯ ಕವಚವನ್ನು ಯಾರೂ ಎಳೆಯುವುದಿಲ್ಲ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಬಗ್ಗಿಸಬಾರದು, ಸಿರಿಂಜಿನಿಂದ ಕೈಯಲ್ಲಿ ಕಳಚಬಾರದು; ಐರೋಪ್ಯ ಒಕ್ಕೂಟವೂ 2010ರ ನಿರ್ದೇಶನದಲ್ಲಿ ಮುಚ್ಚಳ ಹಾಕುವುದನ್ನು ನಿಷೇಧಿಸಿತು. ಬೇರೆ ದಾರಿಯೇ ಇಲ್ಲದಿದ್ದರೆ, ಮುಚ್ಚಳವನ್ನು ಸಮತಟ್ಟಾದ ಜಾಗದಲ್ಲಿಟ್ಟು, ಅದನ್ನು ಮುಟ್ಟದೆ, ಒಂದೇ ಕೈಯಿಂದ ಸೂಜಿಯ ತುದಿಯಲ್ಲಿ ಎತ್ತಿಕೊಳ್ಳಬೇಕು. ಚುಚ್ಚಿದರೆ ತೂತಾಗದ ಗಟ್ಟಿ ಡಬ್ಬಿ, ಸೂಜಿ ಬಳಸುವ ಕಡೆಯಲ್ಲೇ, ಅದರ ಬಾಯಿ ಕಣ್ಣಿಗೆ ಕಾಣುವ ಎತ್ತರದಲ್ಲಿರಲಿ. ಮುಕ್ಕಾಲು ಭಾಗ ತುಂಬಿದೊಡನೆ ಅದನ್ನು ಮುಚ್ಚಿ ಬದಲಾಯಿಸುವ ಹೊಣೆ ಪ್ರತಿ ಪಾಳಿಯಲ್ಲೂ ಹೆಸರಿಟ್ಟ ಒಬ್ಬರದಾಗಿರಲಿ, ತುಂಬಿ ತುಳುಕುವ ಡಬ್ಬಿಗೆ ಇನ್ನೊಂದು ಸೂಜಿಯನ್ನು ಒತ್ತಿ ತುರುಕುವಾಗಲೂ ಗಾಯವಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಹರಿತವಾದ ಸಲಕರಣೆಗಳನ್ನು ಕೈಯಿಂದ ಕೈಗೆ ದಾಟಿಸದೆ, ನಡುವಿನ ತಟ್ಟೆಯಲ್ಲಿಟ್ಟು ಎತ್ತಿಕೊಳ್ಳುವ ರೂಢಿಯನ್ನು ತರಬೇಕು. ಕೈಗವಸು ಸೂಜಿಯನ್ನು ತಡೆಯಲಾರದು, ಆದರೂ ಸೂಜಿಯ ಹೊರಮೈಗೆ ಅಂಟಿದ ರಕ್ತವನ್ನು ಸ್ವಲ್ಪ ಒರೆಸಿಕೊಳ್ಳುವುದರಿಂದ ಅದನ್ನು ತೊಡಲೇಬೇಕು.

ಇಷ್ಟಾಗಿಯೂ ಚುಚ್ಚಿದರೆ, ಗಾಯವನ್ನು ಸೋಪು ಮತ್ತು ನೀರಿನಿಂದ ತಕ್ಷಣ ತೊಳೆಯಬೇಕು. ರಕ್ತ ಬರಲೆಂದು ಹಿಂಡಬಾರದು, ಬೆರಳನ್ನು ಬಾಯಿಗಿಡಬಾರದು, ಬ್ಲೀಚ್‌ನಂತಹ ಸುಡುವ ದ್ರಾವಣಗಳನ್ನು ಹಾಕಬಾರದು. ಕೂಡಲೇ ಮೇಲ್ವಿಚಾರಕರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು, ನಾಳೆ ನೋಡೋಣ ಎನ್ನುವಂತಿಲ್ಲ. ಎಚ್‌ಐವಿ ತಡೆಯುವ ಔಷಧಿಯನ್ನು ವೈದ್ಯರು ಸೂಚಿಸಿದರೆ ಅದನ್ನು ಸಾಧ್ಯವಾದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಿ, 28 ದಿನ ಬಿಡದೆ ತೆಗೆದುಕೊಳ್ಳಬೇಕು. ಹೀಗಾಗಿ ಮಧ್ಯರಾತ್ರಿಯಲ್ಲೂ ಆ ಔಷಧಿಯ ಮೊದಲ ಡೋಸ್ ಎಲ್ಲಿ ಸಿಗುತ್ತದೆ, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನು ಪ್ರತಿ ವಾರ್ಡಿನಲ್ಲೂ ಬರೆದು ಅಂಟಿಸಿರಬೇಕು. ರೋಗಿಯ ರಕ್ತಪರೀಕ್ಷೆಗೆ ಅವರ ಒಪ್ಪಿಗೆ ಪಡೆಯಬೇಕು, ಗಾಯಗೊಂಡವರ ಮತ್ತು ರೋಗಿಯ ಫಲಿತಾಂಶಗಳೆರಡೂ ಗುಟ್ಟಾಗಿರಬೇಕು.

ಬೈಗುಳ ಬೀಳುವುದೆಂದು ಅಂಜಿ ಗಾಯವನ್ನು ಮುಚ್ಚಿಟ್ಟವರು ಚಿಕಿತ್ಸೆಯ ಸಮಯ ಕಳೆದುಕೊಳ್ಳುತ್ತಾರೆ. ವರದಿ ಮಾಡಿದವರ ಮೇಲೆ ಶಿಸ್ತುಕ್ರಮವಿಲ್ಲ ಎಂಬುದನ್ನು ಆಡಳಿತವು ಲಿಖಿತವಾಗಿ ಹೇಳಬೇಕು. ಗಾಯಗಳ ದಾಖಲೆ ಪುಸ್ತಕದಲ್ಲಿ ಹೆಸರು ಬೇಡ. ಯಾವ ಸಾಧನ, ಯಾವ ವಿಭಾಗ, ಏನು ಮಾಡುವಾಗ, ಡಬ್ಬಿ ಎಷ್ಟು ದೂರದಲ್ಲಿತ್ತು, ಇಷ್ಟು ಸಾಕು. ನಿಯಮ ಜಾರಿಯಾದ ಮೊದಲ ತಿಂಗಳುಗಳಲ್ಲಿ ಈ ಪುಸ್ತಕದಲ್ಲಿ ಗಾಯಗಳ ಸಂಖ್ಯೆ ಏರಿದರೆ ಗಾಬರಿಯಾಗಬಾರದು. ಮುಚ್ಚಿಡುತ್ತಿದ್ದವರು ಹೇಳತೊಡಗಿದ್ದಾರೆ ಎಂಬುದೇ ಅದರ ಕಾರಣವಿರಬಹುದು. ಪ್ರತಿ ತಿಂಗಳೂ ಅದನ್ನು ಓದಿ, ಒಂದೇ ಬಗೆಯ ಗಾಯ ಒಂದೇ ಜಾಗದಲ್ಲಿ ಎರಡು ಸಲ ಕಂಡರೆ, ಅಲ್ಲಿಗೆ ಹೋಗಿ ಡಬ್ಬಿಯ ಜಾಗವನ್ನೋ ಸೂಜಿಯ ಬಗೆಯನ್ನೋ ಅದೇ ವಾರ ಬದಲಿಸಬೇಕು.